ಮುಳಬಾಗಿಲಿನ ಸಂಪಾದಕ, ಮಾಸ್ತಿಯ ಸಂಪಾದಕ

1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಒಂದು ಮಗು ಹುಟ್ಟಿತು. ನಾಲ್ಕು ವರ್ಷಗಳ ನಂತರ, 1891ರ ಜೂನ್ 6ರಂದು, ಅದೇ ಕೋಲಾರ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಇನ್ನೊಂದು ಮಗು ಹುಟ್ಟಿತು. ಮೊದಲನೆಯವರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಅಂದರೆ ಡಿವಿಜಿ. ಎರಡನೆಯವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಒಬ್ಬರನ್ನು ನಾಡು ‘ಮಂಕುತಿಮ್ಮನ ಕಗ್ಗ’ದ ಕವಿಯಾಗಿ ನೆನೆಯುತ್ತದೆ, ಇನ್ನೊಬ್ಬರನ್ನು ಸಣ್ಣಕತೆಗಳ ಜನಕನಾಗಿ, ‘ಚಿಕವೀರ ರಾಜೇಂದ್ರ’ದ ಕಾದಂಬರಿಕಾರನಾಗಿ ನೆನೆಯುತ್ತದೆ. ಶಾಲೆಯ ಪಠ್ಯದಲ್ಲಿ, ಸಭೆಗಳ ಭಾಷಣದಲ್ಲಿ, ವೃತ್ತಗಳಲ್ಲಿ ನಿಂತ ಪ್ರತಿಮೆಗಳಲ್ಲಿ ಇಬ್ಬರೂ ಹೀಗೆಯೇ ಇದ್ದಾರೆ. ಆದರೆ ಇಬ್ಬರೂ ತಮ್ಮ ಆಯುಷ್ಯದ ಬಹುದೊಡ್ಡ ಪಾಲನ್ನು ಪತ್ರಿಕೆಗೆ ಕೊಟ್ಟವರು. ಲೇಖನ ತರಿಸಿ, ತಿದ್ದಿ, ಕರಡು ನೋಡಿ, ಅಚ್ಚುಮನೆಯವರ ಜೊತೆ ಹೆಣಗಿ, ಚಂದಾ ಬಾರದ ತಿಂಗಳುಗಳನ್ನು ಹೇಗೋ ದಾಟಿಸಿದವರು. ಕೋಲಾರದ ಈ ಇಬ್ಬರು ಸಂಪಾದಕರ ಕತೆ ಅವರ ಪುಸ್ತಕಗಳ ಹಿಂದೆ ಮರೆಯಾಗಿದೆ. ಅದನ್ನು ಮುಂದಕ್ಕೆ ತಂದು ನೋಡಿದರೆ ಅವರ ಬರವಣಿಗೆಯೂ ಬೇರೆಯಾಗಿ ಕಾಣುತ್ತದೆ.

ಆ ಕಾಲದ ಕೋಲಾರ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರವೂ ಅದರೊಳಗೇ ಇತ್ತು. ತುಂಬಿ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆ. ಮೂಡಲಿಗೆ ಮುಳಬಾಗಿಲು, ಅದರಾಚೆ ಚಿತ್ತೂರು. ಬಡಗಣಕ್ಕೆ ಮಾವಿನ ತೋಪುಗಳ ಶ್ರೀನಿವಾಸಪುರ, ಅಲ್ಲಿ ಸಂತೆಯ ಮಾತು ಇಂದಿಗೂ ಅರ್ಧ ತೆಲುಗು. ತೆಂಕಣಕ್ಕೆ ಮಾಲೂರು, ಅದರ ಗಡಿ ದಾಟಿದರೆ ಹೊಸೂರಿನ ತಮಿಳು. ಒಂದೇ ಮನೆಯಲ್ಲಿ ಒಂದು ನುಡಿ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬುದು ಇಲ್ಲಿ ಯಾರಿಗೂ ವಿಚಿತ್ರವಲ್ಲ. ಮಾಸ್ತಿಯವರ ಮನೆಮಾತು ತಮಿಳು. ಕೈವಾರದ ನಾರಾಯಣಪ್ಪನವರ ತತ್ವಪದಗಳು ತೆಲುಗಿನಲ್ಲೂ ಕನ್ನಡದಲ್ಲೂ ಈ ಸೀಮೆಯ ಬಾಯಲ್ಲಿ ಹರಿದಾಡಿದವು. ಇನ್ನೂ ಹಿಂದಕ್ಕೆ ಹೋದರೆ ಮುಳಬಾಗಿಲಿನಲ್ಲೇ ಹದಿನೈದನೆಯ ಶತಮಾನದ ಶ್ರೀಪಾದರಾಜರು. ಸಂಸ್ಕೃತದ ಮಹಾಪಂಡಿತರಾಗಿದ್ದೂ ‘ರಂಗವಿಠಲ’ ಎಂಬ ಅಂಕಿತದಲ್ಲಿ ಕನ್ನಡದಲ್ಲಿ ಹಾಡು ಕಟ್ಟಿ, ಅದನ್ನು ಮಠದ ಪೂಜೆಯಲ್ಲಿ ಹಾಡಿಸಿದವರು. ಕನ್ನಡವನ್ನು ಬೇಕೆಂದೇ ಆರಿಸಿಕೊಂಡು ಬರೆಯುವುದು ಈ ನೆಲಕ್ಕೆ ಹಳೆಯ ರೂಢಿ. ಡಿವಿಜಿ ಮತ್ತು ಮಾಸ್ತಿ ಇಬ್ಬರೂ ಅದೇ ದಾರಿಯಲ್ಲಿ ನಡೆದರು, ಹೊಸದಾಗಿ ಬಂದ ಅಚ್ಚುಯಂತ್ರದ ಜೊತೆಗೆ.

ಗುಂಡಪ್ಪನವರಿಗೆ ಮೆಟ್ರಿಕ್ ಪರೀಕ್ಷೆ ದಾಟಲಾಗಲಿಲ್ಲ. ಓದು ಅಲ್ಲಿಗೇ ನಿಂತಿತು, ಹೊಟ್ಟೆಪಾಡಿನ ಅಲೆದಾಟ ಶುರುವಾಯಿತು. ಮುಳಬಾಗಿಲಿನಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟ್ರ ಕೆಲಸ. ಆಮೇಲೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ. ಜಾನ್ ಟೇಲರ್ ಕಂಪನಿ ಗಣಿ ನಡೆಸುತ್ತಿದ್ದ ಆ ಊರಿಗೆ 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ ತಂದಿದ್ದರು. ಜಿಲ್ಲೆಯ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪ ಉರಿಯುತ್ತಿದ್ದಾಗ ಅಲ್ಲಿ ಗಣಿಯ ಯಂತ್ರಗಳು ವಿದ್ಯುತ್ತಿನಲ್ಲಿ ತಿರುಗುತ್ತಿದ್ದವು. ಆ ಕೆಲಸವೂ ಹೆಚ್ಚು ಕಾಲ ನಡೆಯಲಿಲ್ಲ. ಬೆಂಗಳೂರಿಗೆ ಬಂದ ಗುಂಡಪ್ಪ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯೊಂದರಲ್ಲೂ ಕೆಲ ದಿನ ಇದ್ದರು. ಕೊನೆಗೆ ಕೈಹಿಡಿದದ್ದು ಪತ್ರಿಕೆ. ‘ಸೂರ್ಯೋದಯ ಪ್ರಕಾಶಿಕಾ’ ಎಂಬ ಪತ್ರಿಕೆಯಲ್ಲಿ ಬರೆದರು, ಬೇರೆ ಪತ್ರಿಕೆಗಳಿಗೂ ದುಡಿದರು, ‘ಭಾರತಿ’ ಎಂಬ ಅಲ್ಪಾಯುಷಿ ಪತ್ರಿಕೆಯನ್ನು ತಾವೇ ನಡೆಸಿದರು, ‘ಸುಮತಿ’ ಎಂಬ ಹೆಸರಿನಲ್ಲಿ ಗ್ರಂಥಮಾಲೆಗೂ ಕೈಹಾಕಿದರು.

ಕಾಲ ಪತ್ರಿಕೆಗಳಿಗೆ ಅನುಕೂಲವಾಗಿರಲಿಲ್ಲ. 1908ರಲ್ಲಿ, ವಿ.ಪಿ. ಮಾಧವರಾಯರು ಮೈಸೂರಿನ ದಿವಾನರಾಗಿದ್ದಾಗ, ಸಂಸ್ಥಾನದ ಸರ್ಕಾರ ಪತ್ರಿಕಾ ಕಾನೂನೊಂದನ್ನು ತಂದಿತು. ಸರ್ಕಾರದ ಮುಂಗಡ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅಪ್ಪಣೆಯನ್ನು ಸರ್ಕಾರ ಬೇಕೆಂದಾಗ ಹಿಂತೆಗೆದುಕೊಳ್ಳಬಹುದು. ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರು ಈ ಕಾನೂನಿನ ವಿರುದ್ಧ ನಿಂತರು. ಸಂಸ್ಥಾನದ ಹೆಸರುವಾಸಿ ಪತ್ರಿಕೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಇಪ್ಪತ್ತರ ಆಸುಪಾಸಿನಲ್ಲಿದ್ದ ಗುಂಡಪ್ಪ ಪತ್ರಿಕಾ ವೃತ್ತಿಯ ಮೊದಲ ಪಾಠ ಕಲಿತದ್ದು ಇದರಲ್ಲಿ: ಸರ್ಕಾರದ ಕೃಪೆಯಿಂದ ಬದುಕುವ ಪತ್ರಿಕೆ ಸರ್ಕಾರದ ಕೋಪದಿಂದ ಸಾಯುತ್ತದೆ. ಮುಂದಿನ ಅರುವತ್ತು ವರ್ಷ ಅವರು ಸಾರ್ವಜನಿಕ ಹಣದ ಬಗ್ಗೆ ತೋರಿಸಿದ ಬಿಗುವಿನ ಬೇರು ಇಲ್ಲಿದೆ.

1913ರ ಏಪ್ರಿಲ್‌ನಲ್ಲಿ ‘ಕರ್ನಾಟಕ’ ಹೊರಬಂತು. ವಾರಕ್ಕೆರಡು ಸಲ, ಇಂಗ್ಲಿಷಿನಲ್ಲಿ. ಕನ್ನಡದ ಹೆಸರು ಹೊತ್ತ ಇಂಗ್ಲಿಷ್ ಪತ್ರಿಕೆ. ಸಂಪಾದಕನಿಗೆ ಇಪ್ಪತ್ತಾರು ವರ್ಷ, ಕೈಯಲ್ಲಿ ಪದವಿಯಿಲ್ಲ, ಹಿಂದೆ ಬಂಡವಾಳಗಾರನಿಲ್ಲ. ಹಿಂದಿನ ವರ್ಷದ ನವೆಂಬರಿನಲ್ಲಷ್ಟೇ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಗೆ ಬಂದಿದ್ದರು. ಅವರೂ ಅದೇ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರೇ. ಒಂದೇ ಜಿಲ್ಲೆಯ ಇಬ್ಬರು, ಒಬ್ಬರು ಆಡಳಿತದ ತುದಿಯಲ್ಲಿ, ಇನ್ನೊಬ್ಬರು ಅದನ್ನು ಅಳೆದು ನೋಡುವ ಕುರ್ಚಿಯಲ್ಲಿ. ಇಬ್ಬರ ನಡುವೆ ಗೌರವವಿತ್ತು, ಸಲುಗೆಯೂ ಇತ್ತು. ಆದರೂ ‘ಕರ್ನಾಟಕ’ ದಿವಾನರ ತುತ್ತೂರಿಯಾಗಲಿಲ್ಲ. ಸಂಸ್ಥಾನದ ಪ್ರಜೆಗಳಿಗೆ ಆಡಳಿತದಲ್ಲಿ ಪಾಲು ಬೇಕು, ಪ್ರಜಾಪ್ರತಿನಿಧಿ ಸಭೆಗೆ ನಿಜವಾದ ಅಧಿಕಾರ ಬೇಕು, ಬ್ರಿಟಿಷ್ ಇಂಡಿಯಾಕ್ಕೆ ಬರುವ ಸುಧಾರಣೆಗಳು ದೇಶೀ ಸಂಸ್ಥಾನಗಳ ಬಾಗಿಲಲ್ಲಿ ನಿಲ್ಲಬಾರದು ಎಂದು ಅದು ವಾದಿಸಿತು.

ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರದ ಕೆಲಸ ಮಾಡಿಕೊಟ್ಟದ್ದಕ್ಕೆ ಬಂದ ಚೆಕ್ಕುಗಳನ್ನು ಡಿವಿಜಿ ಬ್ಯಾಂಕಿಗೆ ಹಾಕಲೇ ಇಲ್ಲ, ಅವು ಅವರ ಪೆಟ್ಟಿಗೆಯಲ್ಲಿ ಹಾಗೇ ಉಳಿದಿದ್ದವು ಎಂದು ಬೆಂಗಳೂರಿನ ಬಸವನಗುಡಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಸಂಪಾದಕನ ಮನೆಯಲ್ಲಿ ಅಭಾವವಿದ್ದ ದಿನಗಳು ಅವು. ಎಂಟು ವರ್ಷ ನಡೆದು 1921ರ ಹೊತ್ತಿಗೆ ‘ಕರ್ನಾಟಕ’ ನಿಂತಿತು.

ಡಿವಿಜಿ ನಿಲ್ಲಲಿಲ್ಲ. 1920ರ ದಶಕದಲ್ಲಿ ಅವರು ಕನ್ನಡಕ್ಕೆ ಹೊರಳಿ ‘ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ’ಯನ್ನು ನಡೆಸಿದರು. ಹೆಸರಿನ ಉದ್ದದಲ್ಲೇ ಅದರ ಹಂಬಲ ಗೊತ್ತಾಗುತ್ತದೆ. ಸಾಹಿತ್ಯವೂ ಬೇಕು, ಸುಂಕ, ಸಹಕಾರ, ಬೇಸಾಯ, ಕೈಗಾರಿಕೆಗಳ ವಿಚಾರವೂ ಬೇಕು. ಅದೆಲ್ಲ ಹಳ್ಳಿಯ ಶಾನುಭೋಗನಿಗೂ ಶಾಲಾ ಉಪಾಧ್ಯಾಯನಿಗೂ ತಿಳಿಯುವ ಕನ್ನಡದಲ್ಲಿ ಬೇಕು. ಆಗ ಕನ್ನಡದಲ್ಲಿ ಅರ್ಥಶಾಸ್ತ್ರಕ್ಕೆ ಮಾತುಗಳೇ ನೆಲೆಯಾಗಿರಲಿಲ್ಲ. ರಾಜ್ಯನೀತಿಯನ್ನೋ ಆಯವ್ಯಯವನ್ನೋ ಕುರಿತು ಒಂದು ಪುಟ ಬರೆಯಬೇಕಾದರೆ ಸಂಪಾದಕನೇ ಪದ ಕಟ್ಟಬೇಕು, ವಾಕ್ಯದ ಜಾಡು ಹಾಕಬೇಕು. ಡಿವಿಜಿಯವರ ಗದ್ಯದಲ್ಲಿ ಕಾಣುವ ಕ್ರಮ, ಅಂದರೆ ಮೊದಲು ಪ್ರಶ್ನೆ, ಆಮೇಲೆ ಅದರ ವಿಭಾಗ, ಪ್ರತಿ ವಿಭಾಗಕ್ಕೂ ಒಂದು ಉದಾಹರಣೆ, ಕೊನೆಗೆ ನಿರ್ಣಯ ಎಂಬ ಆ ನಡಿಗೆ ಅವರಿಗೆ ಬಂದದ್ದು ಈ ಪುಟಗಳಲ್ಲಿ. ‘ಜೀವನಧರ್ಮಯೋಗ’ದಂಥ ತತ್ತ್ವಗ್ರಂಥವನ್ನು ಓದುವಾಗಲೂ ಓದುಗನ ಸಂದೇಹವನ್ನು ಮೊದಲೇ ಊಹಿಸಿ ಉತ್ತರಿಸುವ ಹಳೆಯ ಪತ್ರಿಕಾ ಸಂಪಾದಕನೇ ಎದುರು ಕೂತಿರುತ್ತಾನೆ.

1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರ ಮೊದಲ ಸಮ್ಮೇಳನ ಸೇರಿತು. ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಸೀಮೆ, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡದ ಪತ್ರಿಕೆಗಳಿಗೆ ಅದು ಒಟ್ಟಾಗುವ ಸಂದರ್ಭ. ಅಧ್ಯಕ್ಷ ಪೀಠಕ್ಕೆ ಕರೆದದ್ದು ಮುಳಬಾಗಿಲಿನ ಗುಂಡಪ್ಪನವರನ್ನು. ಅದೇ ಹೊತ್ತಿಗೆ ಬಂದ ಅವರ ‘ವೃತ್ತಪತ್ರಿಕೆ’ ಈ ಕಸುಬಿನ ಬಗ್ಗೆ ಕನ್ನಡದಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಒಂದು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. 1945ರ ಫೆಬ್ರವರಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿತು. ಅದರ ‘ಪಬ್ಲಿಕ್ ಅಫೇರ್ಸ್’ ಎಂಬ ಮಾಸಪತ್ರಿಕೆಗಾಗಿ ಎಪ್ಪತ್ತು ದಾಟಿದ ಮೇಲೂ ಅವರು ಬರೆದರು, ತಿದ್ದಿದರು. 1970ರಲ್ಲಿ ನಾಡು ಸನ್ಮಾನಿಸಿ ಕೊಟ್ಟ ಲಕ್ಷ ರೂಪಾಯಿಯ ಹಮ್ಮಿಣಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಮಾಸ್ತಿಯವರ ದಾರಿ ಇದಕ್ಕೆ ತೀರ ಬೇರೆ. ಬಡತನದಲ್ಲಿ ಬೆಳೆದರೂ ಪರೀಕ್ಷೆಗಳಲ್ಲಿ ಎಡವದ ಹುಡುಗ. 1914ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಎಂ.ಎ., ಆಮೇಲೆ ಮೈಸೂರು ಸಿವಿಲ್ ಸರ್ವಿಸ್. ಕುದುರೆ, ಬಂಡಿ, ಡೇರೆಗಳ ಜೊತೆ ಜಿಲ್ಲೆಗಳನ್ನು ಸುತ್ತುವ ಅಧಿಕಾರಿಯ ಬದುಕು. ರಾತ್ರಿ ಕಡತ ಮುಗಿಸಿ ಕತೆ ಬರೆಯುತ್ತಿದ್ದರು. ‘ರಂಗನ ಮದುವೆ’ಯಿಂದ ಶುರುವಾದ ಆ ಕತೆಗಳು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂಬ ಪುಸ್ತಕವಾದವು. ‘ಶ್ರೀನಿವಾಸ’ ಎಂಬ ಅವರ ಕಾವ್ಯನಾಮ ಮನೆಮನೆಗೆ ಗೊತ್ತಾಯಿತು. 1929ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸರ್ಕಾರದಲ್ಲಿ ಅಬಕಾರಿ ಕಮಿಷನರ್ ಹುದ್ದೆಯವರೆಗೆ ಏರಿದರು. ಅಷ್ಟರಲ್ಲಿ ಮಂತ್ರಿ ದರ್ಜೆಯ ಸ್ಥಾನವೊಂದು ತಮಗಿಂತ ಕಿರಿಯರಿಗೆ ಹೋಯಿತು. ಮಾಸ್ತಿ ಜಗಳಕ್ಕೆ ನಿಲ್ಲಲಿಲ್ಲ, ರಾಜೀನಾಮೆ ಕೊಟ್ಟು ಮನೆಗೆ ಬಂದರು.

ಅದು 1940ರ ದಶಕದ ನಡುಗಾಲ. ಧಾರವಾಡದಲ್ಲಿ ಹುಟ್ಟಿ, ದ.ರಾ. ಬೇಂದ್ರೆ ಮತ್ತು ಅವರ ಗೆಳೆಯರ ಆರೈಕೆಯಲ್ಲಿದ್ದ ‘ಜೀವನ’ ಎಂಬ ಮಾಸಪತ್ರಿಕೆ ಹೊಸ ಆಸರೆ ಹುಡುಕುತ್ತಿತ್ತು. ಗಟ್ಟಿಯಾದ ನೌಕರಿಯಿಲ್ಲದೆ ಬಹುಕಾಲ ಕಷ್ಟಪಟ್ಟಿದ್ದ ಬೇಂದ್ರೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡದ ಅಧ್ಯಾಪಕರಾಗಿ ಹೊರಟರು. ಅದೇ ವರ್ಷ ‘ಜೀವನ’ ಮಾಸ್ತಿಯವರ ಕೈಗೆ ಬಂತು. ಧಾರವಾಡದ ಪತ್ರಿಕೆ ಮಾಲೂರು ಸೀಮೆಯ ಸಂಪಾದಕರ ಕೈಸೇರಿ ಬೆಂಗಳೂರಿನಿಂದ ಹೊರಡತೊಡಗಿತು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಹನ್ನೆರಡು ವರ್ಷ ಇತ್ತು. ಭೂಪಟದಲ್ಲಿ ಆಗದೇ ಇದ್ದ ಕೂಡಿಕೆ ಒಂದು ಪತ್ರಿಕೆಯ ಪುಟಗಳಲ್ಲಿ ಆಗಿಹೋಗಿತ್ತು: ಬೇಂದ್ರೆಯವರ ಉತ್ತರದ ನುಡಿಗೂ ಮಾಸ್ತಿಯವರ ಹಳೇ ಮೈಸೂರಿನ ನುಡಿಗೂ ಒಂದೇ ಮನೆ.

ಕಾಲ ಮಾತ್ರ ಇದಕ್ಕಿಂತ ಕೆಟ್ಟದ್ದಿರಲಿಕ್ಕಿಲ್ಲ. ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ. ಕಾಗದಕ್ಕೆ ಸರ್ಕಾರದ ನಿಯಂತ್ರಣ, ಸಿಕ್ಕರೂ ಒರಟು ಕಾಗದ, ದುಬಾರಿ ಬೆಲೆ. ಅಂಥ ಹೊತ್ತಿನಲ್ಲಿ ಸಂಬಳ ಬಿಟ್ಟು ಬಂದ ಮಾಜಿ ಅಧಿಕಾರಿ ಸಾಹಿತ್ಯದ ಮಾಸಪತ್ರಿಕೆಯನ್ನು ಹೊತ್ತುಕೊಂಡರು, 1965ರವರೆಗೆ, ಇಪ್ಪತ್ತೊಂದು ವರ್ಷ. ಕತೆಗಾರ ಮಾಸ್ತಿ, ಕಾದಂಬರಿಕಾರ ಮಾಸ್ತಿ, ರಾಮಾಯಣ ಮಹಾಭಾರತಗಳ ವಿಮರ್ಶಕ ಮಾಸ್ತಿ, ಇವರೆಲ್ಲ ಆ ವರ್ಷಗಳಲ್ಲಿ ತಿಂಗಳಿಗೊಮ್ಮೆ ಸಂಪಾದಕ ಮಾಸ್ತಿಗೆ ದಾರಿ ಬಿಟ್ಟುಕೊಡಬೇಕಿತ್ತು. ‘ಚೆನ್ನಬಸವನಾಯಕ’ 1949ರಲ್ಲಿ, ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂದವು. ಬಿದನೂರಿನ ಪತನವನ್ನೂ ಕೊಡಗಿನ ಕೊನೆಯ ಅರಸನ ಪತನವನ್ನೂ ಅವರು ಬರೆದದ್ದು ಕರಡು ಹಾಳೆಗಳ ನಡುವೆ, ಚಂದಾದಾರರ ಪತ್ರಗಳ ನಡುವೆ. ಪತ್ರಿಕೆಯ ಹೆಸರಿನಲ್ಲೇ ನಡೆದ ಜೀವನ ಕಾರ್ಯಾಲಯ ಅವರ ಪುಸ್ತಕಗಳನ್ನೂ ಹೊರತಂದಿತು. ಮಾಸ್ತಿಯವರ ಹಳೆಯ ಪ್ರತಿಗಳನ್ನು ಹಳೇ ಪುಸ್ತಕದಂಗಡಿಯಲ್ಲಿ ಎತ್ತಿಕೊಂಡರೆ ರಕ್ಷಾಪುಟದ ಕೆಳಗೆ ಇಂದಿಗೂ ಕಾಣುವುದು ಆ ಹೆಸರೇ.

ಆ ಕಾಲದಲ್ಲಿ ಒಂದು ಸಂಚಿಕೆ ಹೊರಬರುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ಲೇಖನ ಅಂಚೆಯಲ್ಲಿ ಬರುತ್ತದೆ, ಬಹುಪಾಲು ಕೈಬರಹದಲ್ಲಿ, ಒಬ್ಬೊಬ್ಬರದು ಒಂದೊಂದು ಮೋಡಿ. ಸಂಪಾದಕ ಓದಿ, ತಿದ್ದಿ, ಅಚ್ಚುಮನೆಗೆ ಕಳಿಸುತ್ತಾನೆ. ಅಲ್ಲಿ ಮೊಳೆ ಜೋಡಿಸುವವನ ಮುಂದೆ ಗೂಡುಗೂಡಾದ ಮರದ ಪೆಟ್ಟಿಗೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದಂತಲ್ಲ ಕನ್ನಡ: ಗುಣಿತಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ‘ಸ್ವಾತಂತ್ರ್ಯ’ ಎಂಬ ಒಂದೇ ಮಾತಿಗೆ ಕೈ ಎಷ್ಟೋ ಗೂಡುಗಳಿಗೆ ಹೋಗಿ ಬರಬೇಕು. ಒತ್ತು ಕೂರುವುದು ಸಾಲಿನ ಕೆಳಗೆ, ಅದು ಸಡಿಲವಾದರೆ ಮುದ್ರಣದಲ್ಲಿ ಹಾರಿಹೋಗುತ್ತದೆ, ಅರ್ಥವೂ ಹಾರಿಹೋಗುತ್ತದೆ. ಜೋಡಿಸಿದ ಸಾಲುಗಳನ್ನು ದಾರದಿಂದ ಕಟ್ಟಿ, ಮಸಿ ಬಳಿದು, ಉದ್ದನೆಯ ಹಾಳೆಯಲ್ಲಿ ಮೊದಲ ಕರಡು ತೆಗೆಯುತ್ತಾರೆ. ಆ ಒದ್ದೆ ಹಾಳೆ ಸಂಪಾದಕನ ಮೇಜಿಗೆ ಬರುತ್ತದೆ. ಎರಡನೆಯ ಕರಡು, ಪುಟ ಕಟ್ಟಿದ ಮೇಲೆ ಮೂರನೆಯದು. ಮೊಳೆ ಸಾಲದೆ ಹೋದರೆ ಮೊದಲ ಹದಿನಾರು ಪುಟ ಮುದ್ರಿಸಿ, ಮೊಳೆ ಬಿಚ್ಚಿ ಗೂಡಿಗೆ ಹಾಕಿ, ಮುಂದಿನ ಪುಟಗಳಿಗೆ ಅದನ್ನೇ ಎತ್ತಿಕೊಳ್ಳಬೇಕು. ಕೊನೆಯ ಗಳಿಗೆಯ ತಿದ್ದುಪಡಿಗೆ ಅಲ್ಲಿ ಅವಕಾಶವೇ ಇಲ್ಲ. ಎಲ್ಲ ಮುಗಿದ ಮೇಲೆ ಮಡಿಸುವುದು, ಹೊಲಿಯುವುದು, ಕಾಗದದ ಪಟ್ಟಿ ಸುತ್ತಿ ವಿಳಾಸ ಬರೆಯುವುದು, ಅಂಚೆಚೀಟಿ ಅಂಟಿಸಿ ಕಟ್ಟು ಹೊತ್ತು ಅಂಚೆ ಕಚೇರಿಗೆ ಹೋಗುವುದು. ಅಷ್ಟು ಹೊತ್ತಿಗೆ ಮುಂದಿನ ತಿಂಗಳ ಲೇಖನಗಳು ಮೇಜಿನ ಮೇಲಿರುತ್ತವೆ. ತಿಂಗಳಿಗೊಂದರಂತೆ ಲೆಕ್ಕ ಹಾಕಿದರೆ ಮಾಸ್ತಿಯವರ ಸಂಪಾದಕತ್ವದ ‘ಜೀವನ’ ಇನ್ನೂರು ಸಂಚಿಕೆಗಳನ್ನು ದಾಟುತ್ತದೆ.

ಈ ದುಡಿಮೆ ಮಾಸ್ತಿಯವರ ಕನ್ನಡಕ್ಕೆ ಏನು ಮಾಡಿತು? ಅವರ ‘ಜೀವನ’ದ ಸಂಪಾದಕೀಯಗಳು ಮುಂದೆ ಸಂಪುಟಗಳಾಗಿ ಬಂದವು. ಆಡಳಿತ, ಶಿಕ್ಷಣ, ಭಾಷೆ, ಸ್ವಾತಂತ್ರ್ಯದ ಮೊದಲ ವರ್ಷಗಳ ಆಗುಹೋಗುಗಳು, ತೀರಿಕೊಂಡ ಹಿರಿಯರು, ಹೊಸದಾಗಿ ಬಂದ ಪುಸ್ತಕಗಳು, ಎಲ್ಲವನ್ನೂ ಅವು ಮುಟ್ಟುತ್ತವೆ. ಕತೆಯಲ್ಲಿ ಅವರು ಕೂಗುವವರಲ್ಲ, ಸಂಪಾದಕೀಯದಲ್ಲೂ ಕೂಗಲಿಲ್ಲ. ಎದುರಾಳಿಯ ವಾದವನ್ನು ಮೊದಲು ನ್ಯಾಯವಾಗಿ ಹೇಳಿ, ಆಮೇಲೆ ತಮ್ಮದನ್ನು ಹೇಳುವ ಕ್ರಮ. ಅಧಿಕಾರಿಯಾಗಿ ಎರಡೂ ಕಕ್ಷಿಗಳ ಮಾತು ಕೇಳಿ ತೀರ್ಪು ಬರೆದವರಿಗೆ ಅದು ಸಹಜವಾಗಿಯೇ ಬಂದಿರಬೇಕು. ‘ಚಿಕವೀರ ರಾಜೇಂದ್ರ’ದಲ್ಲಿ ದುಷ್ಟನಾದ ರಾಜನಿಗೂ ಒಳಗಿನಿಂದ ಮಾತಾಡುವ ಹಕ್ಕು ಸಿಕ್ಕಿದೆ. ಆ ಕಾದಂಬರಿ ಬಂದದ್ದು ಅವರು ತಿಂಗಳು ತಿಂಗಳೂ ಇಂಥ ಸಂಪಾದಕೀಯ ಬರೆಯುತ್ತಿದ್ದ ವರ್ಷಗಳಲ್ಲೇ. ಈ ಪುಸ್ತಕ ಮುಂದೆ 1983ರ ಜ್ಞಾನಪೀಠ ಪ್ರಶಸ್ತಿಯ ಹೊತ್ತಿಗೆ ಎಲ್ಲರ ಮಾತಿಗೂ ಬಂತು. ಅದನ್ನು ಬರೆದ ಕೈ ಆಗ ಒಂದು ಮಾಸಪತ್ರಿಕೆಯ ಕರಡನ್ನೂ ತಿದ್ದುತ್ತಿತ್ತು ಎಂಬುದು ಅಷ್ಟಾಗಿ ಮಾತಿಗೆ ಬರಲಿಲ್ಲ.

ಚಿತ್ರಕಾರರ ಕತೆಯನ್ನೂ ಇಲ್ಲಿ ಹೇಳಬೇಕು. ಮೊಳೆ ಜೋಡಿಸುವ ಅಚ್ಚುಮನೆಯಲ್ಲಿ ಚಿತ್ರ ಮುದ್ರಿಸುವುದು ಸುಲಭವಲ್ಲ. ಚಿತ್ರಕಾರ ಬರೆದ ಗೆರೆಯನ್ನು ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ತುಂಡಿನ ಮೇಲೆ ಬಡಿದು ಬ್ಲಾಕ್ ಮಾಡಿಸಬೇಕು. ಪ್ರತಿ ಬ್ಲಾಕಿಗೂ ಬೇರೆ ಖರ್ಚು. ಆ ಖರ್ಚನ್ನು ಧೈರ್ಯವಾಗಿ ಹೊತ್ತ ಪತ್ರಿಕೆಯೆಂದರೆ 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, ಬೆಂಗಳೂರಿನಲ್ಲಿ ಶುರುಮಾಡಿದ ‘ಕೊರವಂಜಿ’. ವೈದ್ಯರೊಬ್ಬರು ನಡೆಸಿದ ಆ ಹಾಸ್ಯ ಪತ್ರಿಕೆಗೆ ನಾ. ಕಸ್ತೂರಿ, ಟಿ. ಸುನಂದಮ್ಮ ಬರೆದರು. ಆಗಿನ್ನೂ ಮೈಸೂರಿನಲ್ಲಿದ್ದ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಮುಂದೆ ಇಡೀ ದೇಶ ಗುರುತಿಸಿದ ಆ ಗೆರೆ ಪಳಗಿದ ಜಾಗಗಳಲ್ಲಿ ಕನ್ನಡದ ಒಂದು ಮಾಸಪತ್ರಿಕೆಯೂ ಸೇರಿದೆ.

ವಿಚಾರಪತ್ರಿಕೆಗಳಿಗೆ ಆ ಅನುಕೂಲ ಇರಲಿಲ್ಲ. ಅಲ್ಲಿ ಮುಖಗಳನ್ನು ಮಾತಿನಲ್ಲೇ ಬರೆಯಬೇಕಿತ್ತು. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಈ ಕಲೆ ತುತ್ತತುದಿಗೆ ಏರಿದೆ. ದಿವಾನರು, ಸಂಗೀತಗಾರರು, ಪತ್ರಿಕಾ ಸಂಪಾದಕರು, ಅವರ ಪಕ್ಕದಲ್ಲೇ ಮುಳಬಾಗಿಲಿನ ವೈದಿಕರು, ಮುದುಕಿಯರು, ಊರಿನ ಸಣ್ಣಪುಟ್ಟ ಮನುಷ್ಯರು. ಒಬ್ಬನ ನಡಿಗೆ, ಉಡುಗೆ, ಮಾತಿನ ಎಳೆತ, ಊಟದ ಅಭಿರುಚಿ, ಒಂದು ಒಳ್ಳೆಯ ಕೆಲಸ, ಒಂದು ಹಟ, ಇಷ್ಟರಲ್ಲಿ ಆ ಮನುಷ್ಯ ಎದ್ದು ನಿಲ್ಲುತ್ತಾನೆ. ದಿವಾನನಿಗೂ ಅಡುಗೆಯವನಿಗೂ ಅಲ್ಲಿ ಒಂದೇ ಬೆಳಕು. ಯುವಕನಾಗಿದ್ದಾಗಿನಿಂದ ಸಭೆಗಳ ವರದಿ ಬರೆದು, ತೀರಿಕೊಂಡವರ ಬಗ್ಗೆ ಪತ್ರಿಕೆಗೆ ಬರೆದು ಪಳಗಿದ ಕಣ್ಣಿಗೆ ಮಾತ್ರ ಅದು ಸಾಧ್ಯ. ಕೋಲಾರ ಸೀಮೆಯ ನೂರು ವರ್ಷದ ಹಿಂದಿನ ದಿನನಿತ್ಯದ ಬದುಕನ್ನು ತಿಳಿಯಬೇಕೆನ್ನುವವರಿಗೆ ಸರ್ಕಾರದ ಗೆಜೆಟಿಯರಿನಲ್ಲಿ ಸಿಗದ್ದು ಈ ಸಂಪುಟಗಳಲ್ಲಿ ಸಿಗುತ್ತದೆ.

1965 ಒಂದು ಕವಲು. ಆ ವರ್ಷದ ಜನವರಿಯಲ್ಲಿ ‘ಪ್ರಜಾವಾಣಿ’ ಬಳಗದಿಂದ ‘ಸುಧಾ’ ವಾರಪತ್ರಿಕೆ ಬಂತು. ಅದೇ ವರ್ಷ ‘ಜೀವನ’ ಮಾಸ್ತಿಯವರ ಕೈಯಲ್ಲಿ ಕೊನೆಗೊಂಡಿತು. ಎರಡು ವರ್ಷದ ನಂತರ ‘ಕೊರವಂಜಿ’ಯೂ ನಿಂತಿತು. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾಗಿದ್ದ ‘ಕಸ್ತೂರಿ’ ಆಗಲೇ ದೊಡ್ಡ ಓದುಗ ಬಳಗ ಕಟ್ಟಿತ್ತು, 1968ರಲ್ಲಿ ‘ಮಯೂರ’ ಸೇರಿಕೊಂಡಿತು. ಹೊಸ ಪತ್ರಿಕೆಗಳ ಹಿಂದೆ ದಿನಪತ್ರಿಕೆಯ ಮುದ್ರಣಾಲಯವಿತ್ತು, ಜಾಹೀರಾತು ವಿಭಾಗವಿತ್ತು, ಊರೂರಿಗೆ ಏಜೆಂಟರಿದ್ದರು, ಸಂಬಳ ಪಡೆಯುವ ಚಿತ್ರಕಾರರಿದ್ದರು. ಬಿ.ವಿ. ರಾಮಮೂರ್ತಿಯವರ ವ್ಯಂಗ್ಯಚಿತ್ರ, ಜಿ.ಕೆ. ಸತ್ಯ ಅವರ ಮತ್ತು ನಂತರದ ವರ್ಷಗಳಲ್ಲಿ ಚಂದ್ರನಾಥ ಆಚಾರ್ಯರ ರೇಖೆಗಳು ಕನ್ನಡದ ಕತೆಗಳಿಗೆ ಮುಖ ಕೊಟ್ಟವು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಣ್ಣದ ಮುಖಪುಟಗಳು ತೂಗಾಡಿದವು. ಅದು ಓದುವ ಜನರನ್ನು ಬಹುವಾಗಿ ಹಿಗ್ಗಿಸಿದ ಒಳ್ಳೆಯ ಬದಲಾವಣೆ. ಆದರೆ ಒಬ್ಬನೇ ಮನುಷ್ಯ ತನ್ನ ಜೇಬಿನಿಂದ, ತನ್ನ ನಂಬಿಕೆಯಿಂದ, ತನ್ನ ಮನೆಯಿಂದ ತಿಂಗಳು ತಿಂಗಳೂ ಪತ್ರಿಕೆ ಹೊರಡಿಸುವ ಕಾಲಕ್ಕೆ ಅದು ಮುಕ್ತಾಯವೂ ಆಗಿತ್ತು. ಆ ಹಟ ಪೂರ್ತಿ ಆರಲಿಲ್ಲ. ಕವಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ಯಲ್ಲಿ, 1980ರಲ್ಲಿ ಜಾಹೀರಾತಿನ ಹಂಗಿಲ್ಲದೆ ಬಂದ ‘ಲಂಕೇಶ್ ಪತ್ರಿಕೆ’ಯಲ್ಲಿ ಅದು ಬೇರೆ ಬೇರೆ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು.

ಕೋಲಾರದಲ್ಲೂ ಅದು ಆರಿಲ್ಲ. ಜಿಲ್ಲಾ ಕೇಂದ್ರದಿಂದ ‘ಕೋಲಾರ ಪತ್ರಿಕೆ’, ‘ಸಂಚಿಕೆ’, ‘ಹೊನ್ನುಡಿ’ಯಂಥ ದಿನಪತ್ರಿಕೆಗಳು ಕೆರೆ ಹೂಳು, ರೇಷ್ಮೆ ಮಾರುಕಟ್ಟೆ, ಟೊಮೇಟೊ ಬೆಲೆ, ಮಾವಿನ ಫಸಲುಗಳ ಸುದ್ದಿಯನ್ನು ಜಿಲ್ಲೆಯ ಕಣ್ಣಿನಿಂದ ಬರೆದವು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ದಲ್ಲಿ ಪ್ರತಿ ಹುಣ್ಣಿಮೆಗೆ ಹಾಡು, ನಾಟಕಗಳ ಕೂಟ ನಡೆದುಬಂದಿದೆ. ದಲಿತ ಚಳವಳಿಯ ಹಾಡುಗಳಿಗೆ ನಾಡಿನಲ್ಲೇ ದೊಡ್ಡ ನೆಲೆಗಳಲ್ಲಿ ಒಂದಾದ ಈ ಜಿಲ್ಲೆ, ಡಿವಿಜಿ ಮತ್ತು ಮಾಸ್ತಿ ಬರೆಯದ ಬದುಕುಗಳನ್ನು ಬರೆಯುವ ಕೈಗಳನ್ನೂ ಕೊಟ್ಟಿದೆ. ಶ್ರೀನಿವಾಸಪುರದ ಕಡೆಯಿಂದ ಸ. ರಘುನಾಥ ಅವರಂಥ ಅನುವಾದಕರು ತೆಲುಗಿನ ಬರವಣಿಗೆಯನ್ನು ಕನ್ನಡಕ್ಕೆ ತರುತ್ತಾ ಬಂದಿದ್ದಾರೆ. ಗಡಿಸೀಮೆಯ ಎರಡು ನುಡಿಗಳ ವಹಿವಾಟು ಹೀಗೆ ನಡೆದೇ ಇದೆ.

ಮಾಸ್ತಿ ಗ್ರಾಮದಲ್ಲಿರುವ ಮಾಸ್ತಿಯವರ ಮನೆ ಇಂದು ಗ್ರಂಥಾಲಯ. ಬೆಂಗಳೂರಿನ ಬಸವನಗುಡಿಯಲ್ಲಿ ಡಿ.ವಿ.ಜಿ. ರಸ್ತೆಯಿದೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ, ಗೋಖಲೆ ಸಂಸ್ಥೆ ಇಂದಿಗೂ ಉಪನ್ಯಾಸಗಳನ್ನು ನಡೆಸುತ್ತದೆ. ಇಬ್ಬರ ಪುಸ್ತಕಗಳೂ ಮರುಮುದ್ರಣವಾಗುತ್ತಲೇ ಇವೆ. ಪುಸ್ತಕಕ್ಕೆ ಸಿಕ್ಕ ಈ ಕಾಳಜಿ ಪತ್ರಿಕೆಗೂ ಸಿಗಬೇಕು. ಒರಟು ಕಾಗದದ ಮಾಸಪತ್ರಿಕೆ ಪುಸ್ತಕದಷ್ಟು ಕಾಲ ಬಾಳುವುದಿಲ್ಲ. ಅಂಚು ಕಂದುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ. ‘ಕರ್ನಾಟಕ’ದ ಎಂಟು ವರ್ಷ, ‘ಕರ್ನಾಟಕ ಜನಜೀವನ’ದ ಸಂಪುಟಗಳು, ‘ಜೀವನ’ದ ಇಪ್ಪತ್ತೊಂದು ವರ್ಷ, ಇವೆಲ್ಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತು, ಚಂದಾ ಸೂಚನೆ, ಓದುಗರ ಪತ್ರಗಳ ಸಮೇತ, ಸ್ಕ್ಯಾನ್ ಆಗಿ ಹುಟ್ಟೂರಿನ ಶಾಲೆಯ ಮಕ್ಕಳಿಗೆ ಸಿಗುವಂತಾಗಬೇಕು. ಮಾಸ್ತಿಯ ಗ್ರಂಥಾಲಯದ ಕಪಾಟಿನಲ್ಲಿ ‘ಜೀವನ’ದ ಪೂರ್ತಿ ಸಾಲು, ಮುಳಬಾಗಿಲಿನ ಗ್ರಂಥಾಲಯದಲ್ಲಿ ‘ಕರ್ನಾಟಕ’ದ ಪೂರ್ತಿ ಸಾಲು ನಿಲ್ಲಬೇಕು. ಕೋಲಾರದಲ್ಲಿ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಅಲ್ಲಿ ಕನ್ನಡ ಓದುವ, ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿದ್ದಾರೆ. ಒಂದೊಂದು ವರ್ಷದ ಸಂಪುಟವನ್ನು ಒಬ್ಬೊಬ್ಬ ವಿದ್ಯಾರ್ಥಿ ಹಂಚಿಕೊಂಡು ಯಾರು ಬರೆದರು, ಯಾವ ಊರಿನಿಂದ ಬರೆದರು, ಯಾರು ಮುದ್ರಿಸಿದರು ಎಂಬ ಸೂಚಿಯನ್ನು ತಯಾರಿಸಿದರೆ ಜಿಲ್ಲೆಯ ಬರಹಗಾರರ ಪಟ್ಟಿಗೆ ಇದುವರೆಗೆ ಎಲ್ಲೂ ದಾಖಲಾಗದ ಹೆಸರುಗಳು ಸೇರುತ್ತವೆ.